ನೆತ್ತರು ಹೇಳುವುದೂ ಹೇಳದಿರುವುದೂ

ಆಸ್ಪತ್ರೆಯಿಂದ ತಂದ ರಕ್ತಪರೀಕ್ಷೆಯ ಕಾಗದವನ್ನು ಮನೆಮಂದಿಯೆಲ್ಲ ಸುತ್ತುಗೂಡಿ ನೋಡುವುದನ್ನು ನಾವು ಕಂಡಿದ್ದೇವೆ. ಅಂಕಿ ಏರಿದ್ದರೆ ತಾಯಿಯ ಮುಖ ಬಾಡುವುದು; ಇಳಿದಿದ್ದರೆ, ‘ರೋಗ ಹೋಯಿತು, ಇನ್ನು ಗುಳಿಗೆಯ ಗೊಡವೆ ಏತಕ್ಕೆ?’ ಎಂಬ ಮಾತು ಹೊರಡುವುದು. ಎರಡೂ ಆತುರದ ತೀರ್ಮಾನಗಳೇ. ಒಂದು ವ್ಯಾಧಿಯನ್ನು ನಿದರ್ಶನವಾಗಿ ತೆಗೆದುಕೊಂಡು ಆ ಅಂಕಿಗಳ ಅರ್ಥವನ್ನು ಇಲ್ಲಿ ವಿವರಿಸಲೆಳಸುತ್ತೇವೆ.

ದೇಹವನ್ನು ಹೊರಗಿನ ಶತ್ರುಗಳಿಂದ ಕಾಯಬೇಕಾದ ರಕ್ಷಣಾಶಕ್ತಿಯೇ ಕೆಲವೊಮ್ಮೆ ದಾರಿ ತಪ್ಪಿ ಸ್ವಂತ ರಕ್ತನಾಳಗಳ ಮೇಲೆ ಎರಗುವುದುಂಟು. ಬೇಲಿಯೇ ಎದ್ದು ಹೊಲ ಮೇದಂತೆ. ನಾಳದ ಗೋಡೆ ಊದಿ ದಪ್ಪವಾಗಿ, ರಕ್ತದ ಹಾದಿ ಕಿರಿದಾಗುತ್ತ ಬರುವುದು. 1908ರಲ್ಲಿ ಜಪಾನಿನ ನೇತ್ರವೈದ್ಯರಾದ ಮಿಕಿತೊ ತಕಯಾಸು ಅವರು ಒಬ್ಬ ತರುಣಿಯ ಕಣ್ಣೊಳಗಿನ ರಕ್ತನಾಳಗಳು ವಿಚಿತ್ರವಾಗಿ ಹೆಣೆದುಕೊಂಡಿರುವುದನ್ನು ವೈದ್ಯಲೋಕಕ್ಕೆ ತಿಳಿಸಿದರು. ಅಂತಹ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗುವುದಿಲ್ಲವೆಂದು ಅದೇ ದೇಶದ ಇನ್ನಿಬ್ಬರು ವೈದ್ಯರು ನುಡಿದರು. ಈ ರೋಗಕ್ಕೆ ತಕಯಾಸು ಅವರ ಹೆಸರೇ ನಿಂತಿದೆ. ಮಹಾಧಮನಿಗೂ ಅದರ ಶಾಖೆಗಳಿಗೂ ತಗಲುವ ಇದು ಅಪರೂಪವಾದುದಾದರೂ, ಬಂದಾಗ ಹೆಚ್ಚಾಗಿ ಎಳೆಯ ವಯಸ್ಸಿನ ಹೆಂಗಸರಿಗೇ ಬರುವುದು.

ಎದೆಯಾಳದ ಧಮನಿಯನ್ನು ಪದೇ ಪದೇ ಕೊಯ್ದು ನೋಡಲಾದೀತೆ? ಆದುದರಿಂದ ವೈದ್ಯರು ಬೆಂಕಿ ಕಾಣದಲ್ಲಿ ಹೊಗೆಯನ್ನು ಅರಸುತ್ತಾರೆ. ಮೊದಲನೆಯ ಹೊಗೆ ಇ.ಎಸ್.ಆರ್. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ನೀಳವಾದ ಗಾಜಿನ ನಳಿಗೆಯಲ್ಲಿ ತುಂಬಿ ನೆಟ್ಟಗೆ ನಿಲ್ಲಿಸಿದರೆ ಕೆಂಪುಕಣಗಳು ಮೆಲ್ಲಮೆಲ್ಲನೆ ತಳಕ್ಕಿಳಿಯುತ್ತವೆ. ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರು ಇಳಿದವೆಂಬುದೇ ಲೆಕ್ಕ. ಸಾಮಾನ್ಯವಾಗಿ ಈ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಉರಿಯೂತದ ಕಾಲದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನು ರಕ್ತದಲ್ಲಿ ಹೆಚ್ಚಾಗಿ, ಕಣಗಳು ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅಂಟಿಕೊಳ್ಳುತ್ತವೆ. ಭಾರವಾದ ಅಟ್ಟಿ ಬೇಗ ಇಳಿಯುವುದು ಸಹಜವಷ್ಟೆ.

ಈ ಪರೀಕ್ಷೆಯ ಜನ್ಮವೃತ್ತಾಂತ ಸ್ವಾರಸ್ಯವಾದುದು. 1918ರಲ್ಲಿ ಸ್ವೀಡನ್ನಿನ ಫಾರಿಯಸ್ ಅವರು ಬಸುರಿಯರ ರಕ್ತ ಬೇಗ ಇಳಿಯುವುದನ್ನು ಕಂಡು, ಗರ್ಭವನ್ನು ಗುರುತಿಸಲು ಇದು ಉಪಯೋಗಕ್ಕೆ ಬಂದೀತೆಂದು ಎಣಿಸಿದ್ದರು! ಇದರ ದೌರ್ಬಲ್ಯವೂ ಇಲ್ಲಿಯೇ ಇದೆ. ಗರ್ಭ, ರಕ್ತಹೀನತೆ, ಮುಪ್ಪು, ಕ್ಷಯ — ಯಾವುದರಿಂದಲೂ ಅಂಕಿ ಏರಬಹುದು. ತಕಯಾಸು ವ್ಯಾಧಿಯ ರೋಗಿಗಳು ತರುಣಿಯರಾದುದರಿಂದ ಈ ಗೊಂದಲ ಸಣ್ಣದಲ್ಲ.

ಎರಡನೆಯದು ಸಿ.ಆರ್.ಪಿ. 1930ರಲ್ಲಿ ನ್ಯೂಯಾರ್ಕಿನಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬುವರು ನ್ಯುಮೋನಿಯಾ ರೋಗಿಗಳಲ್ಲಿ ಕಂಡುಕೊಂಡ ಈ ಪ್ರೋಟೀನನ್ನು ಯಕೃತ್ತು ಉತ್ಪಾದಿಸುತ್ತದೆ. ಇ.ಎಸ್.ಆರ್. ವಾರಗಟ್ಟಲೆ ಮೆಲ್ಲನೆ ಇಳಿದರೆ, ಸಿ.ಆರ್.ಪಿ. ಒಂದೆರಡು ದಿನಗಳಲ್ಲಿಯೇ ಏರಿ, ಉರಿ ತಗ್ಗಿದೊಡನೆ ಬೇಗ ಇಳಿಯುತ್ತದೆ. ಆದರೆ ಸಾಮಾನ್ಯವಾದ ಸೋಂಕಿಗೂ ಅದು ಅಷ್ಟೇ ಚುರುಕಾಗಿ ಏಳುವುದು.

ಅಂಕಿ ಸರಿಯಿದ್ದ ಮಾತ್ರಕ್ಕೆ ರೋಗ ಅಡಗಿತೆನ್ನಬಹುದೆ? ಹಾಗೆನ್ನಲಾಗದು. 1994ರಲ್ಲಿ ಅಮೆರಿಕದ ವೈದ್ಯರು 60 ಮಂದಿ ತಕಯಾಸು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ, ಇ.ಎಸ್.ಆರ್. ನಂಬಲರ್ಹವಾದ ಸಾಕ್ಷಿಯಲ್ಲವೆಂದು ಸಾರಿದರು. ಹೊರನೋಟಕ್ಕೆ ರೋಗ ಅಡಗಿದ್ದವರಲ್ಲಿ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ತೆಗೆದ ಧಮನಿಯ ಚೂರುಗಳನ್ನು ಪರೀಕ್ಷಿಸಿದಾಗ, ನೂರಕ್ಕೆ 44 ಪಾಲು ಜನರಲ್ಲಿ ಉರಿ ಇನ್ನೂ ಇದ್ದಿತು! ಬೂದಿ ಮುಚ್ಚಿದ ಕೆಂಡವೆಂದರೆ ಇದೇ. ಇನ್ನೊಂದು ತೊಡಕು ಈಚಿನ ಔಷಧಿಗಳಿಂದ ಬಂದಿದೆ. ಟೊಸಿಲಿಜುಮಾಬ್ ಎಂಬ ಮದ್ದು ಸಿ.ಆರ್.ಪಿ.ಯನ್ನು ಮಾಡೆಂದು ಯಕೃತ್ತಿಗೆ ಹೋಗುವ ಆಜ್ಞೆಯನ್ನೇ ತಡೆಯುವುದರಿಂದ, ರೋಗವಿದ್ದರೂ ಅಂಕಿ ಕೆಳಗೇ ಇರಬಹುದು.

ಕಿರಿಯ ನಾಳಗಳ ಉರಿಯೂತಗಳಿಗೆ ಆನ್ಕಾ ಎಂಬ ಬೇರೊಂದು ಪರೀಕ್ಷೆಯುಂಟು. ತಕಯಾಸು ವ್ಯಾಧಿಗೆ ಅದು ಸಲ್ಲದು. ಅದೂ ರೋಗವನ್ನು ಗುರುತಿಸಲು ಬಹಳ ನೆರವಾಗುವುದೇ ಹೊರತು, ಅದರ ಏರಿಳಿತವೊಂದರಿಂದಲೇ ರೋಗ ಮರುಕಳಿಸುವುದನ್ನು ಖಚಿತವಾಗಿ ಹೇಳಲಾಗದು.

ಹೀಗಿರುವುದರಿಂದ ನಮ್ಮ ದೇಶದ ವೈದ್ಯರೇ ಒಂದು ಉಪಾಯವನ್ನು ಮಾಡಿದರು. ಲಕ್ನೋ, ನಮ್ಮ ಹೊಸೂರು ಸೀಮೆಯವರಿಗೆ ಚಿರಪರಿಚಿತವಾದ ವೇಲೂರು ಮೊದಲಾದ ಕಡೆಗಳ ತಜ್ಞರು ಕೂಡಿ, 44 ಅಂಶಗಳ ಒಂದು ಅಳತೆಪಟ್ಟಿಯನ್ನು 2013ರಲ್ಲಿ ಪ್ರಕಟಿಸಿದರು. ಅದರಲ್ಲಿ ನಾಡಿಗೂ ರಕ್ತದೊತ್ತಡಕ್ಕೂ ಕತ್ತಿನ ಧಮನಿಯಲ್ಲಿ ಕೇಳುವ ಮೊರೆತಕ್ಕೂ ಮೊದಲ ಮಣೆ. ಇ.ಎಸ್.ಆರ್., ಸಿ.ಆರ್.ಪಿ.ಗಳನ್ನು ಅನಂತರ ಕೂಡಿಸಿಕೊಳ್ಳುವ ಏರ್ಪಾಡೂ ಇದೆ. ಇದರೊಡನೆ ಧಮನಿಗಳ ಚಿತ್ರಗಳನ್ನೂ ತೆಗೆಸುವರು. ಬೆರಳತುದಿಯ ಹಳೆಯ ವಿದ್ಯೆಗೆ ಈ ಯಂತ್ರಯುಗದಲ್ಲಿಯೂ ಇಷ್ಟು ಗೌರವ ಉಳಿದಿರುವುದು ನಮಗಂತೂ ಸಂತೋಷವನ್ನುಂಟುಮಾಡಿತು.

ಹೆತ್ತವರು ತಿಳಿದಿರಬೇಕಾದುದು ಇಷ್ಟು: ಸ್ಟೆರಾಯ್ಡ್ ಗುಳಿಗೆಗಳನ್ನು ಬಹುಕಾಲ ಸೇವಿಸಿದಾಗ ದೇಹದ ಗ್ರಂಥಿಗಳು ತಮ್ಮ ಸ್ವಂತ ಉತ್ಪಾದನೆಯನ್ನು ತಗ್ಗಿಸಿರುತ್ತವೆ. ಕಾಗದದ ಅಂಕಿಯನ್ನು ನಂಬಿ ಅವನ್ನು ಥಟ್ಟನೆ ಬಿಟ್ಟರೆ ರೋಗ ಮರುಕಳಿಸುವುದಲ್ಲದೆ ಪ್ರಾಣಕ್ಕೇ ಅಪಾಯವುಂಟಾಗಬಹುದು. ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು. ಧಮನಿ ಕಿರಿದಾದ ತೋಳಿನಲ್ಲಿ ರಕ್ತದೊತ್ತಡ ಕಡಮೆಯೆಂದು ಸುಳ್ಳಾಗಿ ತೋರುವುದರಿಂದ, ಯಾವ ತೋಳಿನಲ್ಲಿ ಅಳೆಯಬೇಕೆಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ಹಿಂದಿನ ಪರೀಕ್ಷೆಗಳ ಕಾಗದಗಳನ್ನೆಲ್ಲ ತಾರೀಖಿನ ಕ್ರಮದಲ್ಲಿ ಹೊಲಿದು ಕೊಂಡೊಯ್ದರೆ, ವೈದ್ಯರು ಇಂದಿನ ಅಂಕಿಯನ್ನು ಹಿಂದಿನದರ ಪಕ್ಕದಲ್ಲಿಟ್ಟು ಓದಬಲ್ಲರು.