ಕೌಶಲ ತರಬೇತಿಗೆ ಸರ್ಕಾರದ ಹಣ: ಜಡೆಯವರೆಗೆ ಅದು ತಲುಪುವ ಬಗೆ ಹೇಗೆ?

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಬೆನ್ನಿಗೇ ಕೈಗಾರಿಕಾ ತರಬೇತಿ ಸಂಸ್ಥೆಗಳ (ಐಟಿಐ) ಪ್ರವೇಶ ಪ್ರಕ್ರಿಯೆ ಆರಂಭವಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿಗೆ ಸೇರಿದ ಜಡೆ ಹೋಬಳಿಯಂಥ ಗ್ರಾಮೀಣ ಭಾಗದಲ್ಲಿ, ಪಿಯುಸಿ ಓದುವ ಅನುಕೂಲವಿಲ್ಲದ ಅಥವಾ ಬೇಗ ದುಡಿಮೆಗೆ ಇಳಿಯಬೇಕಾದ ಹುಡುಗ ಹುಡುಗಿಯರಿಗೆ ಇದೊಂದು ಮುಖ್ಯ ದಾರಿ. ಈ ದಾರಿಯ ಖರ್ಚನ್ನು ಬಹುಮಟ್ಟಿಗೆ ಸರ್ಕಾರವೇ ಹೊರುತ್ತದೆ. ಕೇಂದ್ರ ಮತ್ತು ರಾಜ್ಯದ ಬಜೆಟ್‌ಗಳಲ್ಲಿ ಕೌಶಲಾಭಿವೃದ್ಧಿಯ ಹೆಸರಿನಲ್ಲಿ ಸಾವಿರಾರು ಕೋಟಿ ರೂಪಾಯಿಗಳ ಘೋಷಣೆಗಳೂ ಆಗುತ್ತಿವೆ. ಆದರೂ ತರಬೇತಿ ಪಡೆದವರಿಗೆ ಕೆಲಸ ಬಾರದು ಎಂಬ ದೂರು ಉದ್ಯಮಗಳದ್ದು, ಕಲಿತರೂ ಕೆಲಸವಿಲ್ಲ ಎಂಬ ದೂರು ಯುವಜನರದ್ದು.

ಈ ಎರಡೂ ದೂರುಗಳಿಗೆ ಹಣದ ಕೊರತೆಯೊಂದೇ ಕಾರಣವಲ್ಲ. ಹಣ ಯಾವ ಬಾಬ್ತಿಗೆ, ಯಾವ ಲೆಕ್ಕದಲ್ಲಿ ಬಿಡುಗಡೆಯಾಗುತ್ತದೆ ಎಂಬುದು ಅಷ್ಟೇ ಮುಖ್ಯ.

ಹೊಣೆ ಇಬ್ಬರದು

ಕಾರ್ಮಿಕರ ವೃತ್ತಿ ಹಾಗೂ ತಾಂತ್ರಿಕ ತರಬೇತಿ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವ ವಿಷಯ. ಹಾಗಾಗಿ ಕೇಂದ್ರ ಮತ್ತು ರಾಜ್ಯ ಎರಡೂ ಸರ್ಕಾರಗಳಿಗೆ ಇದರಲ್ಲಿ ಅಧಿಕಾರವಿದೆ. ಐಟಿಐಗಳಿಗೆ ಆಧಾರವಾದ ಕುಶಲಕರ್ಮಿ ತರಬೇತಿ ಯೋಜನೆಯನ್ನು ಕೇಂದ್ರ ಸರ್ಕಾರ 1950ರಲ್ಲಿ ಆರಂಭಿಸಿತು. 1956ರಲ್ಲಿ ಸಂಸ್ಥೆಗಳ ದೈನಂದಿನ ಆಡಳಿತ ರಾಜ್ಯಗಳಿಗೆ ವರ್ಗಾವಣೆಯಾಯಿತು. 1969ರ ಏಪ್ರಿಲ್ 1ರಿಂದ ಹಣಕಾಸಿನ ನಿಯಂತ್ರಣವೂ ರಾಜ್ಯಗಳ ಕೈಸೇರಿತು. ಪಠ್ಯಕ್ರಮ, ಪರೀಕ್ಷೆ ಮತ್ತು ಪ್ರಮಾಣಪತ್ರದ ಮಾನದಂಡಗಳು ಮಾತ್ರ ರಾಷ್ಟ್ರಮಟ್ಟದಲ್ಲೇ ಉಳಿದವು.

ಇದರ ಪರಿಣಾಮ ಇಂದಿಗೂ ಕಾಣುತ್ತದೆ. ಕಟ್ಟಡ, ಯಂತ್ರೋಪಕರಣ, ಮೇಲ್ದರ್ಜೆ ಎಂಬ ಒಮ್ಮೆ ಮಾಡಿ ಮುಗಿಸುವ ಖರ್ಚುಗಳಿಗೆ ಕೇಂದ್ರದ ಯೋಜನೆ, ವಿದೇಶಿ ಸಾಲ ಅಥವಾ ಉದ್ಯಮಗಳ ಪಾಲು ದೊರೆಯುತ್ತದೆ. ಕಲಿಸುವವರ ಸಂಬಳ, ವಿದ್ಯುತ್ ಬಿಲ್ಲು, ಅಭ್ಯಾಸಕ್ಕೆ ಬೇಕಾದ ಕಬ್ಬಿಣ, ತಂತಿ, ವೆಲ್ಡಿಂಗ್ ಕಡ್ಡಿಗಳಂಥ ವರ್ಷವರ್ಷದ ಖರ್ಚು ಬಹುತೇಕ ರಾಜ್ಯದ ಮೇಲೆ ಬೀಳುತ್ತದೆ. ಮೊದಲನೆಯದಕ್ಕೆ ಉದ್ಘಾಟನೆ ಇರುತ್ತದೆ, ಎರಡನೆಯದಕ್ಕೆ ಇರುವುದಿಲ್ಲ.

ಯಂತ್ರಕ್ಕೆ ಬಂದ ಹಣ

2004-05ರ ಕೇಂದ್ರ ಬಜೆಟ್‌ನಲ್ಲಿ 500 ಐಟಿಐಗಳನ್ನು ಉನ್ನತೀಕರಿಸುವ ಘೋಷಣೆಯಾಯಿತು. ಇವುಗಳಲ್ಲಿ 100 ಸಂಸ್ಥೆಗಳಿಗೆ ದೇಶದ ಸ್ವಂತ ಹಣ, 400 ಸಂಸ್ಥೆಗಳಿಗೆ ವಿಶ್ವಬ್ಯಾಂಕ್ ನೆರವು. ನಂತರ 2007-08ರಲ್ಲಿ ಉಳಿದ 1,396 ಸರ್ಕಾರಿ ಐಟಿಐಗಳಿಗೆ ಖಾಸಗಿ ಸಹಭಾಗಿತ್ವದ ಯೋಜನೆ ಬಂದಿತು. ಪ್ರತಿ ಸಂಸ್ಥೆಯ ನಿರ್ವಹಣಾ ಸಮಿತಿಗೆ 2.5 ಕೋಟಿ ರೂ.ವರೆಗೆ ಬಡ್ಡಿರಹಿತ ಸಾಲ. ಮೊದಲ 10 ವರ್ಷ ಮರುಪಾವತಿಯಿಲ್ಲ, ಆ ಬಳಿಕ 20 ವರ್ಷಗಳ ಕಂತು. ಸಮಿತಿಗೆ ಉದ್ಯಮದ ಪ್ರತಿನಿಧಿಯೇ ಅಧ್ಯಕ್ಷ. ಕೈಗಾರಿಕಾ ನಗರಗಳಲ್ಲಿ ಇಂಥ ಅಧ್ಯಕ್ಷರನ್ನು ಹುಡುಕುವುದು ಸುಲಭ. ಸುತ್ತಮುತ್ತ ಭತ್ತ, ಮೆಕ್ಕೆಜೋಳ, ಶುಂಠಿ, ಅಡಿಕೆ ಬೆಳೆಯುವ ತಾಲ್ಲೂಕಿನಲ್ಲಿ ಅದು ಅಷ್ಟು ಸುಲಭವಲ್ಲ.

ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ಹೆಜ್ಜೆ ಇಡಲಾಗಿದ್ದು ಟಾಟಾ ಟೆಕ್ನಾಲಜೀಸ್ ಸಹಯೋಗದ ಯೋಜನೆಯಲ್ಲಿ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಸುಮಾರು 4,700 ಕೋಟಿ ರೂ. ವೆಚ್ಚದಲ್ಲಿ ತಂತ್ರಜ್ಞಾನ ಕೇಂದ್ರಗಳನ್ನಾಗಿ ಪರಿವರ್ತಿಸಿ, 2022ರ ಜೂನ್ 20ರಂದು ಪ್ರಧಾನಿ ನರೇಂದ್ರ ಮೋದಿ ಅವರು ಬೆಂಗಳೂರಿನಲ್ಲಿ ಲೋಕಾರ್ಪಣೆ ಮಾಡಿದರು. ವೆಚ್ಚದ ಬಹುಪಾಲು ಕಂಪನಿ ಮತ್ತು ಅದರ ಸಹಭಾಗಿ ಉದ್ಯಮಗಳದ್ದು. ಕೈಗಾರಿಕಾ ರೋಬೊ, ಸಿಎನ್‌ಸಿ ಯಂತ್ರ, ವಿದ್ಯುತ್ ವಾಹನಗಳ ತಂತ್ರಜ್ಞಾನ ಇವುಗಳೊಂದಿಗೆ ಗ್ರಾಮೀಣ ಐಟಿಐಗಳ ಮುಖ ಬದಲಾಯಿತು. ದಶಕಗಳಷ್ಟು ಹಳೆಯ ಲೇತ್ ಯಂತ್ರದ ಮುಂದೆ ನಿಲ್ಲುತ್ತಿದ್ದ ವಿದ್ಯಾರ್ಥಿಗೆ ಇದು ಸಣ್ಣ ಬದಲಾವಣೆಯಲ್ಲ.

ಆದರೆ ಯಂತ್ರ ತಾನೇ ಕಲಿಸುವುದಿಲ್ಲ. ಐಟಿಐಯಲ್ಲಿ ಕೈಹಿಡಿದು ಕೆಲಸ ಕಲಿಸುವವರು ಕಿರಿಯ ತರಬೇತಿ ಅಧಿಕಾರಿಗಳು. ಫಿಟ್ಟರ್, ಎಲೆಕ್ಟ್ರಿಷಿಯನ್‌ನಂಥ ವೃತ್ತಿಗಳಲ್ಲಿ 20 ವಿದ್ಯಾರ್ಥಿಗಳ ಒಂದು ಘಟಕಕ್ಕೆ ಒಬ್ಬ ಬೋಧಕ ಎಂಬುದು ಈ ವ್ಯವಸ್ಥೆಯ ಮೂಲ ಲೆಕ್ಕ. ಆ ಹುದ್ದೆ ಖಾಲಿಯಿದ್ದರೆ ಅತಿಥಿ ಬೋಧಕರು ಬರುತ್ತಾರೆ, ಇಲ್ಲವೇ ಪಕ್ಕದ ವೃತ್ತಿಯವರು ಹೊಣೆ ಹೊರುತ್ತಾರೆ. ದೇಶದ ಐಟಿಐಗಳ ಕುರಿತು ನೀತಿ ಆಯೋಗ 2023ರಲ್ಲಿ ಹೊರತಂದ ವರದಿಯೂ ಬೋಧಕರ ಕೊರತೆಯನ್ನು ಗುರುತಿಸಿದೆ.

ರಾಜ್ಯದಲ್ಲಿ ಇದಕ್ಕೊಂದು ಹಳೆಯ ನಿದರ್ಶನವಿದೆ. ಪದವಿಪೂರ್ವ ಹಂತದಲ್ಲಿ ನಡೆಯುತ್ತಿದ್ದ ಉದ್ಯೋಗಾಧಾರಿತ ಡಿಪ್ಲೊಮಾ ಕೋರ್ಸುಗಳಲ್ಲಿ (ಜೆಓಡಿಸಿ) ಕಲಿಸುತ್ತಿದ್ದವರಲ್ಲಿ ಅನೇಕರು ವರ್ಷಗಟ್ಟಲೆ ಅಂಶಕಾಲಿಕ ನೌಕರರಾಗಿಯೇ ಉಳಿದರು. ಅವರನ್ನು ಸರ್ಕಾರಿ ಸೇವೆಯಲ್ಲಿ ವಿಲೀನಗೊಳಿಸಲು 2011ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಅಷ್ಟರಲ್ಲಿ ಆ ಕೋರ್ಸುಗಳೇ ಕೊನೆಯ ಹಂತ ತಲುಪಿದ್ದವು.

ತಲೆಲೆಕ್ಕದ ಹಣ

ಎರಡನೆಯ ಬಗೆಯ ಹಣ ಸಂಸ್ಥೆಗೆ ಹೋಗುವುದಿಲ್ಲ. ಅಭ್ಯರ್ಥಿಯ ತಲೆ ಎಣಿಸಿ, ಗಂಟೆಯ ಲೆಕ್ಕದಲ್ಲಿ ತರಬೇತಿ ನೀಡುವವರಿಗೆ ಸಂದಾಯವಾಗುತ್ತದೆ. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಮತ್ತು 2017ರಲ್ಲಿ ರಾಜ್ಯ ಆರಂಭಿಸಿದ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ ಇಂಥ ಅಲ್ಪಾವಧಿ ತರಬೇತಿಗೆ ಸೇರಿದವು.

ಈ ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕೇಂದ್ರ 2015ರಲ್ಲಿ ಪ್ರಕಟಿಸಿದ ಸಾಮಾನ್ಯ ನಿಯಮಗಳ ಪ್ರಕಾರ ಮೊದಲ ವರ್ಗದ ವೃತ್ತಿಗಳಿಗೆ ಒಬ್ಬ ಅಭ್ಯರ್ಥಿಗೆ ಗಂಟೆಗೆ 38 ರೂ. 50 ಪೈಸೆ ನಿಗದಿಯಾಗಿತ್ತು. 300 ಗಂಟೆಗಳ ತರಬೇತಿಗೆ ಒಟ್ಟು 11,550 ರೂ. ಇದರಲ್ಲಿ ಶೇ 30, ಅಂದರೆ 3,465 ರೂ. ತರಬೇತಿ ಆರಂಭವಾದಾಗ, ಶೇ 50, ಅಂದರೆ 5,775 ರೂ. ಅಭ್ಯರ್ಥಿ ಪ್ರಮಾಣಪತ್ರ ಪಡೆದಾಗ; ಉಳಿದ ಶೇ 20, ಅಂದರೆ 2,310 ರೂ. ಆತನಿಗೆ ಕೆಲಸ ದೊರೆತಾಗ. ಅಭ್ಯರ್ಥಿಗಳನ್ನು ಕರೆತರುವ ಖರ್ಚು, ಬೋಧಕರ ಸಂಬಳ, ಕಚ್ಚಾ ಸಾಮಗ್ರಿ ಎಲ್ಲವೂ ಈ ಮೊತ್ತದಲ್ಲೇ ನಡೆಯಬೇಕಿತ್ತು. ದರಗಳು ಮುಂದೆ ಪರಿಷ್ಕೃತವಾದವು. ಗಂಟೆಯ ಲೆಕ್ಕದ ಪದ್ಧತಿ ಮುಂದುವರಿಯಿತು.

ಈ ಕಂತುಗಳನ್ನು ಗಮನಿಸಿದರೆ ತರಬೇತಿ ಕೇಂದ್ರಗಳ ನಡವಳಿಕೆ ಅರ್ಥವಾಗುತ್ತದೆ. ಕೆಲಸ ಕೊಡಿಸದಿದ್ದರೂ ಶೇ 80ರಷ್ಟು ಹಣ ಕೈಸೇರುತ್ತಿತ್ತು. 30 ಮಂದಿಯ ತಂಡ ಬೇಗ ತುಂಬುವ ಪಟ್ಟಣದಲ್ಲಿ ಕೇಂದ್ರ ತೆರೆಯುವುದು ಲಾಭ. ಜಡೆಯಂಥ ಕಡೆ ತಂಡ ತುಂಬುವುದೇ ಕಷ್ಟ. ದುಬಾರಿ ಯಂತ್ರ ಬೇಕಿಲ್ಲದ ಹೊಲಿಗೆ, ಕಂಪ್ಯೂಟರ್ ಮಾಹಿತಿ ನಮೂದು, ಚಿಲ್ಲರೆ ಮಾರಾಟದಂಥ ವಿಷಯಗಳತ್ತ ಕೇಂದ್ರಗಳು ಒಲಿಯುವುದೂ ಸಹಜ. ಪಂಪ್‌ಸೆಟ್ ಮೋಟಾರ್ ಸುತ್ತುವುದು, ಪವರ್ ಟಿಲ್ಲರ್ ದುರಸ್ತಿ, ಅಡಿಕೆ ಸುಲಿಯುವ ಯಂತ್ರದ ನಿರ್ವಹಣೆ ಈ ಸೀಮೆಗೆ ನಿತ್ಯ ಬೇಕಾದ ಕೆಲಸಗಳು. ಆದರೆ ಅವನ್ನು ಕಲಿಸಲು ಕಾರ್ಯಾಗಾರ ಬೇಕು. 2016ರಲ್ಲಿ ರಚನೆಯಾದ ಶಾರದಾ ಪ್ರಸಾದ್ ಸಮಿತಿಯು ಸಂಖ್ಯೆಯ ಗುರಿಯ ಬೆನ್ನುಹತ್ತಿದ ಕ್ರಮವನ್ನು ಕಟುವಾಗಿ ಟೀಕಿಸಿತ್ತು.

ಕಾರ್ಖಾನೆ ಇಲ್ಲದ ಸೀಮೆಯಲ್ಲಿ ಶಿಶಿಕ್ಷು

ಮೂರನೆಯದು ಅಪ್ರೆಂಟಿಸ್ ಅಥವಾ ಶಿಶಿಕ್ಷು ತರಬೇತಿ. 1961ರ ಕಾಯ್ದೆಯ ಅನ್ವಯ ಉದ್ಯಮಗಳು ಶಿಶಿಕ್ಷುಗಳನ್ನು ತೆಗೆದುಕೊಂಡು, ಕೆಲಸ ಕಲಿಸುತ್ತಾ ಮಾಸಿಕ ಭತ್ಯೆ ನೀಡಬೇಕು. 2016ರಿಂದ ಕೇಂದ್ರ ಸರ್ಕಾರ ಈ ಭತ್ಯೆಯ ಶೇ 25ರಷ್ಟನ್ನು, ತಿಂಗಳಿಗೆ ಗರಿಷ್ಠ 1,500 ರೂ. ಮಿತಿಯಲ್ಲಿ ಭರಿಸುತ್ತಿದೆ. ಕೆಲಸ ಕಲಿಯಲು ಇದಕ್ಕಿಂತ ಒಳ್ಳೆಯ ಕ್ರಮ ಬೇರಿಲ್ಲ ಎಂಬುದು ತಜ್ಞರಲ್ಲಿ ಅನೇಕರ ಅಭಿಪ್ರಾಯ.

ತೊಡಕಿರುವುದು ಬೇರೆಡೆ. ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯವಾಗಿರುವುದು 30 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ. 4ರಿಂದ 29 ನೌಕರರಿರುವಲ್ಲಿ ಅದು ಐಚ್ಛಿಕ. ಹಳ್ಳಿ ಮತ್ತು ಸಣ್ಣ ಪೇಟೆಗಳ ಗ್ಯಾರೇಜು, ವೆಲ್ಡಿಂಗ್ ಅಂಗಡಿ, ಮೋಟಾರ್ ರಿಪೇರಿ ಮಳಿಗೆಗಳಲ್ಲಿ ಮಾಲೀಕನೊಂದಿಗೆ ಒಬ್ಬಿಬ್ಬರು ಹುಡುಗರು ಇದ್ದರೆ ಹೆಚ್ಚು. ನಿಜವಾದ ಕಲಿಕೆ ಅಲ್ಲಿಯೇ ನಡೆಯುತ್ತಿದ್ದರೂ ಈ ನೆರವಿನ ಲೆಕ್ಕಕ್ಕೆ ಅವು ಬರುವುದಿಲ್ಲ. ಸೊರಬದ ಹುಡುಗ ಶಿಶಿಕ್ಷುವಾಗಬೇಕಾದರೆ ಬೆಂಗಳೂರಿನಂಥ ನಗರಕ್ಕೆ ಹೋಗಬೇಕು. ಭತ್ಯೆಯ ಬಹುಪಾಲು ಅಲ್ಲಿನ ಕೊಠಡಿ ಬಾಡಿಗೆ ಮತ್ತು ಊಟಕ್ಕೆ ಕರಗಿಹೋಗುತ್ತದೆ.

ಉಜಿರೆಯ ಮಾದರಿ

ಊಟ, ವಸತಿಯೂ ತರಬೇತಿ ವೆಚ್ಚದ ಭಾಗವೇ ಎಂಬುದನ್ನು ಮೊದಲೇ ಮನಗಂಡ ಪ್ರಯೋಗ ಕರ್ನಾಟಕದಲ್ಲೇ ಇದೆ. ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆ ಅವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳ ಸಹಯೋಗದೊಂದಿಗೆ 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಉಚಿತ ವಸತಿ, ಊಟದೊಂದಿಗೆ ಅಲ್ಪಾವಧಿ ತರಬೇತಿ. ಆ ಬಳಿಕ ಸ್ವಂತ ಉದ್ಯೋಗಕ್ಕೆ ಬ್ಯಾಂಕ್ ಸಾಲದ ಸಂಪರ್ಕ ಮತ್ತು ಎರಡು ವರ್ಷಗಳ ಅನುಸರಣೆ ಇದರ ವಿಶೇಷ. ಇದೇ ಮಾದರಿಯಲ್ಲಿ ಪ್ರತಿ ಜಿಲ್ಲೆಗೊಂದು ಸ್ವ ಉದ್ಯೋಗ ತರಬೇತಿ ಸಂಸ್ಥೆ ಸ್ಥಾಪಿಸುವ ಕಾರ್ಯಕ್ರಮವನ್ನು ಕೇಂದ್ರ 2009ರಲ್ಲಿ ಕೈಗೆತ್ತಿಕೊಂಡಿತು. ಕಟ್ಟಡಕ್ಕೆ ಕೇಂದ್ರದ ನೆರವು, ನಿರ್ವಹಣೆ ಬ್ಯಾಂಕಿನದು, ಬಡ ಅಭ್ಯರ್ಥಿಗಳ ತರಬೇತಿ ವೆಚ್ಚ ಗ್ರಾಮೀಣಾಭಿವೃದ್ಧಿ ಇಲಾಖೆಯದು.

ಕಲಿತ ಕಸುಬಿಗೆ ಬಂಡವಾಳವೂ ಬೇಕೆಂಬ ವಿಚಾರ ಸೊರಬಕ್ಕೆ ಹೊಸದಲ್ಲ. ಇದೇ ತಾಲ್ಲೂಕಿನ ಕುಬಟೂರಿನವರಾದ ಎಸ್. ಬಂಗಾರಪ್ಪ ಅವರು 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಜಾರಿಗೆ ತಂದ ‘ವಿಶ್ವ’ ಯೋಜನೆ ಗ್ರಾಮೀಣ ಕುಶಲಕರ್ಮಿಗಳನ್ನು ಗುರಿಯಾಗಿಸಿಕೊಂಡಿತ್ತು. ಗಂಧದ ಕೆತ್ತನೆಗೆ ಹೆಸರಾದ ಸೊರಬ, ಸಾಗರ ಸೀಮೆಯ ಗುಡಿಗಾರರ ಅನುಭವವೂ ಇದನ್ನೇ ಹೇಳುತ್ತದೆ. ಮನೆಯಲ್ಲೇ ಕಲಿತ ಕೈಚಳಕಕ್ಕೆ ಕೊರತೆಯಿರಲಿಲ್ಲ; ಕೊರತೆಯಾದದ್ದು ಮರಕ್ಕೆ.

ಮುಂದಿನ ಹಣ, ಕೇಳಬೇಕಾದ ಪ್ರಶ್ನೆ

ಕೇಂದ್ರ ಸಂಪುಟ 2025ರ ಮೇ ತಿಂಗಳಲ್ಲಿ ದೇಶದ 1,000 ಸರ್ಕಾರಿ ಐಟಿಐಗಳ ಉನ್ನತೀಕರಣಕ್ಕೆ 60,000 ಕೋಟಿ ರೂ.ಗಳ ಯೋಜನೆಗೆ ಒಪ್ಪಿಗೆ ನೀಡಿತು. ಕೇಂದ್ರದ ಪಾಲು 30,000 ಕೋಟಿ, ರಾಜ್ಯಗಳದ್ದು 20,000 ಕೋಟಿ, ಉದ್ಯಮಗಳದ್ದು 10,000 ಕೋಟಿ ರೂ. ‘ಪಿಎಂ ಸೇತು’ ಹೆಸರಿನ ಈ ಯೋಜನೆಯಲ್ಲಿ 200 ಐಟಿಐಗಳು ಪ್ರಧಾನ ಕೇಂದ್ರಗಳಾಗಿ, 800 ಅವುಗಳಿಗೆ ಹೊಂದಿಕೊಂಡ ಉಪಕೇಂದ್ರಗಳಾಗಿ ಕೆಲಸ ಮಾಡಬೇಕಿದೆ.

ಪ್ರಧಾನ ಕೇಂದ್ರಗಳು ಸಹಜವಾಗಿಯೇ ಉದ್ಯಮಗಳಿರುವ ಪಟ್ಟಣಗಳತ್ತ ವಾಲುತ್ತವೆ. ಹೀಗಾಗಿ ಜಡೆಯಂಥ ಹೋಬಳಿಗಳ ಮಟ್ಟಿಗೆ ಮೂರು ವಿಷಯಗಳು ನಿರ್ಣಾಯಕ. ಮೊದಲನೆಯದು, ಹೊಸ ಯಂತ್ರದೊಂದಿಗೆ ಬೋಧಕರ ಕಾಯಂ ಹುದ್ದೆಯೂ ಮಂಜೂರಾಗಿ ಭರ್ತಿಯಾಗುವುದೇ ಎಂಬುದು. ಎರಡನೆಯದು, ತಾಲ್ಲೂಕು ಕೇಂದ್ರಕ್ಕೆ ನಿತ್ಯ ಓಡಾಡುವ ಅಥವಾ ಅಲ್ಲೇ ಉಳಿಯುವ ವೆಚ್ಚ. 2023ರ ಜೂನ್‌ನಲ್ಲಿ ಜಾರಿಯಾದ ಶಕ್ತಿ ಯೋಜನೆ ವಿದ್ಯಾರ್ಥಿನಿಯರ ಪ್ರಯಾಣದ ಹೊರೆ ಇಳಿಸಿದೆ. ಆದರೆ ಖಾಸಗಿ ಬಸ್ಸುಗಳೇ ಓಡಾಡುವ ಮಲೆನಾಡಿನ ಮಾರ್ಗಗಳಲ್ಲಿ ಆ ಅನುಕೂಲವಿಲ್ಲ. ಮೂರನೆಯದು, ತರಬೇತಿ ಮುಗಿದ ಮೇಲಿನ ಅವಧಿ. 2024ರ ಜನವರಿ 12ರಂದು ಶಿವಮೊಗ್ಗದಲ್ಲೇ ಚಾಲನೆ ಪಡೆದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ. ನೀಡುತ್ತದೆ. ಐಟಿಐ ಪ್ರಮಾಣಪತ್ರ ಮಾತ್ರ ಇರುವವರು ಅದರ ವ್ಯಾಪ್ತಿಗೆ ಬರುವುದಿಲ್ಲ.

ಯೋಜನೆಯ ಒಟ್ಟು ಮೊತ್ತ ಎಷ್ಟೇ ದೊಡ್ಡದಿರಲಿ, ಈ ಮೂರು ಬಾಬ್ತುಗಳಿಗೆ ವರ್ಷವರ್ಷವೂ ಹಣ ಮೀಸಲಿಡದಿದ್ದರೆ ತಾಲ್ಲೂಕಿನ ಐಟಿಐಯಲ್ಲಿ ಯಂತ್ರವಿದ್ದೂ ಕಲಿಕೆ ಸೊರಗುತ್ತದೆ. ಮುಂಬರುವ ಬಜೆಟ್‌ಗಳಲ್ಲಿ ಕೌಶಲಾಭಿವೃದ್ಧಿಯ ಅಂಕಿಗಳನ್ನು ಓದುವಾಗ ಯಂತ್ರ, ಕಟ್ಟಡದ ಸಾಲಿನ ಜೊತೆಗೆ ಬೋಧಕರ ಸಂಬಳ, ವಿದ್ಯಾರ್ಥಿನಿಲಯ ಮತ್ತು ಅಭ್ಯಾಸ ಸಾಮಗ್ರಿಗಳ ಸಾಲನ್ನೂ ನೋಡಬೇಕಾದದ್ದು ಈ ಕಾರಣಕ್ಕೆ.