ಬಡಗಿಯ ಅಂಗಡಿಯಿಂದ ಬಂದ ಮನೆ

ಅಮೆರಿಕದ ಸಣ್ಣ ಊರೊಂದರಲ್ಲಿ ಸುತ್ತಾಡಿದರೆ, ಅಗಲವಾದ ಜಗಲಿಯುಳ್ಳ ದೊಡ್ಡ ಮನೆಯೊಂದರ ಮುಂದೆ ಮನೆತನದ ಹೆಸರಿನ ಫಲಕವನ್ನು ನೀವು ಕಾಣಬಹುದು. ಅದೇ ‘ಫ್ಯೂನರಲ್ ಹೋಮ್’; ಎಂದರೆ, ಶವಸಂಸ್ಕಾರದ ಏರ್ಪಾಡು ಮಾಡಿಕೊಡುವ ಮನೆ. ಎಷ್ಟೋ ಕಡೆ ಈ ಕಸುಬು ತಂದೆಯಿಂದ ಮಕ್ಕಳಿಗೆ ಇಳಿದು ಬಂದಿದೆ.

ಇದರ ಮೂಲವೆಲ್ಲಿ? ಹಿಂದೆ ಶವಕ್ಕೆ ಸ್ನಾನ ಮಾಡಿಸಿ, ನಡುಮನೆಯಲ್ಲಿ ಮಲಗಿಸಿ, ರಾತ್ರಿಯೆಲ್ಲ ಕಾದು ಕೂರುತ್ತಿದ್ದವರು ಮನೆಯವರೇ. ಮೇಜು ಕುರ್ಚಿ ಮಾಡುವ ಊರ ಬಡಗಿ ಶವಪೆಟ್ಟಿಗೆಯನ್ನೂ ಮಾಡಿಕೊಡುತ್ತಿದ್ದ. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ, ದೂರದಲ್ಲಿ ಮಡಿದ ಸೈನಿಕರನ್ನು ಊರಿಗೆ ತರಲು, ರಕ್ತನಾಳಗಳಿಗೆ ರಾಸಾಯನಿಕ ದ್ರವ ತುಂಬಿ ದೇಹ ಕೆಡದಂತೆ ಇಡುವ ಕ್ರಮ ಹರಡಿತು. 1865ರಲ್ಲಿ ಲಿಂಕನ್ನರ ದೇಹವು ಹೀಗೆಯೇ ರೈಲಿನಲ್ಲಿ ಸ್ಪ್ರಿಂಗ್‌ಫೀಲ್ಡಿಗೆ ಹೋಯಿತು. ಈ ಕೆಲಸಕ್ಕೆ ತರಬೇತಿ ಬೇಕಾಯಿತು. ಬಡಗಿಯ ಉಪಕಸುಬು ಕ್ರಮೇಣ ಬೇರೊಂದು ವೃತ್ತಿಯಾಯಿತು.

ಒಳಗೆ ಏನೇನಿರುತ್ತದೆ? ಬಂಧುಮಿತ್ರರು ಕಡೆಯ ದರ್ಶನ ಪಡೆಯುವ ಹಜಾರ, ಪ್ರಾರ್ಥನೆಯ ಕೊಠಡಿ, ಪೆಟ್ಟಿಗೆ ಆರಿಸುವ ಕೋಣೆ, ಹಿಂಬದಿಯಲ್ಲಿ ಶವವನ್ನು ಸಿದ್ಧಪಡಿಸುವ ಕೋಣೆ, ಶವವಾಹನ. ಹಿಂದೆ ಮಹಡಿಯ ಮೇಲೆಯೇ ಒಡೆಯನ ಸಂಸಾರವಿರುತ್ತಿತ್ತು. ನಡುರಾತ್ರಿ ಕರೆ ಬಂದರೂ ಏಳಬೇಕು. ಮಲಗಿಸಿ ಒಯ್ಯಬಲ್ಲ ವಾಹನ ಇವರ ಬಳಿ ಇದ್ದುದರಿಂದ, 1960ರ ದಶಕದಲ್ಲಿಯೂ ಹಲವು ಊರುಗಳಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದವರು ಇವರೇ!

ಆದರೆ ದುಃಖದಲ್ಲಿರುವವರು ಚೌಕಾಸಿ ಮಾಡಲಾರರು. ಈ ವೃತ್ತಿಯ ದುಬಾರಿತನವನ್ನು 1963ರಲ್ಲಿ ಜೆಸ್ಸಿಕಾ ಮಿಟ್‌ಫರ್ಡರ ಪುಸ್ತಕ ಬಯಲಿಗೆಳೆಯಿತು. 1984ರಿಂದ, ವಿಚಾರಿಸಲು ಬಂದವರಿಗೆ ಒಂದೊಂದು ಸೇವೆಯ ದರಪಟ್ಟಿ ಕೊಡುವುದು ಕಡ್ಡಾಯವಾಗಿದೆ. ಇಂದು ಅಲ್ಲಿ ಹೂಳುವುದಕ್ಕಿಂತ ದಹನವೇ ಹೆಚ್ಚು. ಪೆಟ್ಟಿಗೆಯ ವ್ಯಾಪಾರ ಕುಗ್ಗಿದೆ. ಹಲವು ಮನೆಗಳನ್ನು ದೊಡ್ಡ ಕಂಪನಿಗಳು ಕೊಂಡಿವೆ. ಕೊಂಡ ಮೇಲೂ ಫಲಕದ ಮೇಲೆ ಹಳೆಯ ಮನೆತನದ ಹೆಸರನ್ನೇ ಉಳಿಸಿಕೊಳ್ಳುವುದುಂಟು. ಊರವರು ನಂಬಿರುವುದು ಆ ಹೆಸರನ್ನೇ ಎಂಬುದು ಕೊಂಡವರಿಗೂ ಗೊತ್ತು.