ಹರದನಹಳ್ಳಿ: ಪ್ರಧಾನಿಯನ್ನು ಕೊಟ್ಟ ಊರು, ಅಟ್ಟದ ಮೇಲಿನ ಲೆಕ್ಕ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿ ಸುದ್ದಿಯಾಗುವುದು ಸಾಮಾನ್ಯವಾಗಿ ಚುನಾವಣೆ ಹೊತ್ತಿಗೆ. ಮಾಜಿ ಪ್ರಧಾನಿ ಎಚ್‌.ಡಿ. ದೇವೇಗೌಡರ ಕುಟುಂಬ ಇಲ್ಲಿನ ಈಶ್ವರನ ಗುಡಿಗೆ ಪೂಜೆಗೆ ಬರುತ್ತದೆ, ಹಿಂದೆಯೇ ಕ್ಯಾಮೆರಾಗಳೂ ಬರುತ್ತವೆ. ಮಂಗಳಾರತಿ ಮುಗಿದರೆ ಕ್ಯಾಮೆರಾದವರ ಕೆಲಸವೂ ಮುಗಿಯಿತು. 1933ರ ಮೇ 18ರಂದು ದೇವೇಗೌಡರು ಹುಟ್ಟಿದ್ದು ಇಲ್ಲಿನ ಒಕ್ಕಲು ಮನೆಯಲ್ಲಿ. 1959ರಲ್ಲಿ ಅವರ ಮಗ ಕುಮಾರಸ್ವಾಮಿ ಹುಟ್ಟಿದ್ದೂ ಇದೇ ಊರಲ್ಲಿ. ದೇವೇಗೌಡರ ‘ಮಣ್ಣಿನ ಮಗ’ ಎಂಬ ಬಿರುದಿನ ಮಣ್ಣು ಇದು.

ಆ ಮಣ್ಣನ್ನೇ ನಂಬಿದವರ ಮನೆ ಹೇಗೆ ನಡೆಯುತ್ತದೆ ಎಂಬುದು ಗುಡಿಯ ಮುಂದಿನ ಸುದ್ದಿಯಲ್ಲಿ ಬರುವುದಿಲ್ಲ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಆದಮೇಲೆ ತಾಲ್ಲೂಕಿನ ನಾಲೆ ಬಯಲಿಗೆ ಭತ್ತ ಬಂತು. ನೀರು ಹತ್ತದ ಕಡೆ ರಾಗಿ, ಮುಸುಕಿನ ಜೋಳ. ಒಂದು ಕಾಲಕ್ಕೆ ಹಾಸನವೆಂದರೆ ಆಲೂಗಡ್ಡೆ. ಪಂಜಾಬಿನಿಂದ ಬರುವ ಬಿತ್ತನೆ ಗಡ್ಡೆಗೆ ಸಾಲ ಮಾಡಿ, ಮುಂಗಾರಿನಲ್ಲಿ ನೆಟ್ಟು, ಅಂಗಮಾರಿ ರೋಗಕ್ಕೆ ಮೇಲಿಂದ ಮೇಲೆ ಔಷಧಿ ಹೊಡೆದು ಸೋತವರು ಜೋಳಕ್ಕೋ ಶುಂಠಿಗೋ ತಿರುಗಿದರು. ಕೈಬಿಡದೆ ಉಳಿದದ್ದು ತೆಂಗು.

ತೆಂಗಿನ ಆದಾಯ ಅಟ್ಟದ ಮೇಲಿರುತ್ತದೆ. ಕಿತ್ತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗಲು ಹತ್ತು ಹನ್ನೊಂದು ತಿಂಗಳು ಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಲೊಡಲೊಡ ಅಂದರೆ ಸುಲಿಯಬಹುದು. ಅಲ್ಲಿಯವರೆಗೆ ಅದು ದುಡ್ಡೂ ಹೌದು, ದುಡ್ಡಲ್ಲದ್ದೂ ಹೌದು. ಮಗಳ ಕಾಲೇಜು ಫೀಸು ಜೂನ್‌ನಲ್ಲಿ ಕಟ್ಟಬೇಕಿದ್ದರೆ ಕೊಬ್ಬರಿಯಾಗುವ ತನಕ ಕಾಯುವಂತಿಲ್ಲ, ಹಸಿಕಾಯಿಯನ್ನೇ ವ್ಯಾಪಾರಿಗೆ ಎಣಿಸಿಕೊಡಬೇಕು. ಅಟ್ಟ ತುಂಬಿಸಿ ಧಾರಣೆಗೆ ಕಾಯುವುದು ಸಾಲವಿಲ್ಲದವನ ಸುಖ.

ಕಾದವರಿಗೂ ಸಿಕ್ಕಿದ್ದೇನು? 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ 8,000 ರೂಪಾಯಿಯ ಆಸುಪಾಸು. ಮರುವರ್ಷ ಬೆಂಬಲ ಬೆಲೆಗೆ ಕೊಳ್ಳುವ ನಾಫೆಡ್ ಸಂಸ್ಥೆಯ ಖರೀದಿ ನೋಂದಣಿಗೆ ರೈತರು ಸಾಲುಗಟ್ಟಿ ನಿಂತರು. 2025ರಲ್ಲಿ ಅದೇ ಕೊಬ್ಬರಿ 20,000 ದಾಟಿತು. ಅಷ್ಟರಲ್ಲಿ ಹಿಂದಿನ ಬರ, ಬಿಳಿನೊಣ, ನುಸಿರೋಗಗಳಿಂದ ಮರದಲ್ಲೇ ಕಾಯಿ ಕಡಿಮೆ. ದರ ಏರಿದ್ದನ್ನು ಕಂಡು ‘ರೈತರಿಗೆ ಬಂಪರ್’ ಎಂದು ಬರೆದವರು ಗೊನೆ ನೋಡಿರಲಿಲ್ಲ.

ಬೆಲೆ ಬಂದಾಗ ಬೆಳೆ ಇಲ್ಲದ ಈ ಕಥೆ ಚಾಕೊಲೇಟಿಗೆ ಬೇಕಾದ ಕೋಕೋದ್ದೂ ಹೌದು. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬೆಳೆಯುವ ಐವರಿ ಕೋಸ್ಟ್, ಘಾನಾ ದೇಶಗಳು ಬೆಳೆಗಾರರ ಬದುಕಿಗೆ ಸಾಲುವಂತೆ ಟನ್ನಿಗೆ 400 ಡಾಲರ್ ಹೆಚ್ಚುವರಿ ಬೇಕೆಂದು 2019ರಲ್ಲಿ ಪಟ್ಟು ಹಿಡಿದವು. 2024ರ ಡಿಸೆಂಬರಿನಲ್ಲಿ ಬೆಲೆ 12,000 ಡಾಲರ್ ದಾಟಿದಾಗ ಅಲ್ಲಿನ ತೋಟಗಳು ರೋಗ, ಮಳೆಗಳಿಂದ ಸೊರಗಿದ್ದವು. ಕೋಕೋ ಬೆಲೆಯ ಏಳುಬೀಳನ್ನು ನಮ್ಮ ಕರಾವಳಿಯೂ ಕಂಡಿದೆ: ಕೊಳ್ಳುವವರಿಲ್ಲದೆ ಕೋಕೋ ಬೆಳೆಗಾರರು ಕಂಗಾಲಾದ ಮೇಲೆಯೇ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಖರೀದಿಗಿಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದದ್ದು.

ಬೆಲೆ ಬಂದರೂ ಹಿಡುವಳಿ ಎಷ್ಟು? 2015–16ರ ಕೃಷಿ ಗಣತಿಯಲ್ಲಿ ರಾಜ್ಯದ ಸರಾಸರಿ 1.36 ಹೆಕ್ಟೇರ್, ಮೂರೂವರೆ ಎಕರೆಗೂ ಕಡಿಮೆ. 2018–19ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದ ಒಂದು ಕೃಷಿ ಕುಟುಂಬದ ತಿಂಗಳ ಸರಾಸರಿ ಆದಾಯ 10,218 ರೂಪಾಯಿ. ಅದರಲ್ಲಿ ಕೂಲಿ, ಸಂಬಳದ ಪಾಲು 4,063, ಬೆಳೆಯದು 3,798. ರೈತ ಎಂದು ಬರೆಸಿಕೊಂಡವನನ್ನು ಬೆಳೆಗಿಂತ ಹೆಚ್ಚಾಗಿ ಸಾಕುತ್ತಿರುವುದು ಕೂಲಿ, ಸಂಬಳ. ಈ ಸೀಮೆಯಿಂದ ಬೆಂಗಳೂರಿಗೆ ಹೋಗುವ ಬಸ್ಸುಗಳು ತುಂಬಿರುವುದಕ್ಕೆ ಬೇರೆ ವಿವರಣೆ ಬೇಡ.

ಈ ಊರಿನಲ್ಲಿ ಹುಟ್ಟಿದ ಕುಮಾರಸ್ವಾಮಿಯವರೇ 2018ರಲ್ಲಿ ಮುಖ್ಯಮಂತ್ರಿಯಾಗಿ 34,000 ಕೋಟಿ ರೂಪಾಯಿಯ ಬೆಳೆಸಾಲ ಮನ್ನಾ ಘೋಷಿಸಿದರು. ಅದು ಹಳೆಯ ಸಾಲಕ್ಕೆ. ಹೊಸ ಸಾಲ ಆಗದಂತೆ ನೋಡಿಕೊಳ್ಳುತ್ತಿರುವುದು, ನನ್ನ ಲೆಕ್ಕದಲ್ಲಿ, ಕೊಟ್ಟಿಗೆಯ ಹಸು. ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕಿದರೆ ಬಟವಾಡೆ ಬರುತ್ತದೆ, ಲೀಟರಿಗೆ 5 ರೂಪಾಯಿ ಸರ್ಕಾರದ ಪ್ರೋತ್ಸಾಹಧನ ಪ್ರತ್ಯೇಕ. ಅದು ಮಾತ್ರ ತಿಂಗಳುಗಟ್ಟಲೆ ಬಾಕಿ ಬೀಳುತ್ತದೆ. ಹಿಂಡಿ ಅಂಗಡಿಯವನು ಅಷ್ಟು ದಿನ ಕಾಯುವುದಿಲ್ಲ.